ಹಾಸಿಗೆ ಅಲ್ಲಾವಾನ ಮೀಸೆ

ಹಾಸಿಗೆ ಹೊಲಿಯುವ ಅಲ್ಲಾವಾನಿಗೆ ದೇವರು ಕಿವಿಯನ್ನೂ ಮೀಸೆಯನ್ನೂ ಕೈ ಬಿಚ್ಚಿ ಕೊಟ್ಟಿದ್ದ, ಉಳಿದದ್ದರಲ್ಲಿ ಜಿಪುಣತನ ಮಾಡಿದ್ದ. ಹೆಂಡತಿ ಬೇಗ ತೀರಿಕೊಂಡಳು, ಮಕ್ಕಳಾಗಲಿಲ್ಲ, ಮನೆಯಲ್ಲಿದ್ದವಳು ಗಂಡನನ್ನು ಕಳೆದುಕೊಂಡು ಬಂದ ಅಕ್ಕ ಹೂರಿಯಾ ಒಬ್ಬಳೇ. ಆದರೆ ಕಿವಿ ಎಂಥದ್ದು ಅಂತೀರಿ! ನಮ್ಮ ಕುಸಂತೀನಾ ಊರಿನ ಸುಯೀಕಾ ಕೇರಿಯಲ್ಲಿ, ಕಣಿವೆಯ ಅಂಚಿನ ಕಾಫಿ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೂತು, ಎಲ್ಲೋ ಒಂದು ಮಾಳಿಗೆಯ ಮೇಲೆ ಕೂಗಿದ ಹಕ್ಕಿ ಯಾರದ್ದು, ಅದು ಯಾರ ಹಕ್ಕಿಯ ಬಳಿ ಕಲಿತದ್ದು ಎಂದು ಹೇಳಿಬಿಡುತ್ತಿದ್ದ. ಮೀಸೆಯಂತೂ ಎರಡೂ ಕಡೆ ಕೆನ್ನೆ ದಾಟಿ ಕಿವಿಯತ್ತ ಹೊರಟಿತ್ತು. ದಿನಾ ಬೆಳಿಗ್ಗೆ ಅದಕ್ಕೆ ಆಲಿವ್ ಎಣ್ಣೆ. ಕತ್ತರಿ ಮುಟ್ಟಿಸುವ ಹಕ್ಕು ಇಡೀ ಊರಿನಲ್ಲಿ ಒಬ್ಬನಿಗೇ, ಎದುರಂಗಡಿಯ ಕ್ಷೌರಿಕ ಸಬ್ತಿಗೆ. ಇಬ್ಬರೂ ಕೂಡಿ ಆಡಿ ಬೆಳೆದವರು.

ಮಕ್ನೀನ್ ಎಂದರೆ ಮುಷ್ಟಿಯೊಳಗೆ ಅಡಗುವ ಹಕ್ಕಿ. ಮುಖ ಕೆಂಪು, ರೆಕ್ಕೆಯ ಮೇಲೆ ಚಿನ್ನದ ಪಟ್ಟಿ. ಅಲ್ಜೀರಿಯಾದ ಬೇರೆ ಊರಿನವರೂ ಸಾಕುತ್ತಾರೆ, ಇಲ್ಲವೆನ್ನುವುದಿಲ್ಲ, ಆದರೆ ಸಾಕುವುದು ಬೇರೆ, ಹಾಡು ಕೂಡಿಸುವುದು ಬೇರೆ. ಮರಿಯನ್ನು ಬಟ್ಟೆ ಮುಚ್ಚಿದ ಪಂಜರದಲ್ಲಿ ಕತ್ತಲಾಗಿಟ್ಟು ಹಿರಿಯ ಹಕ್ಕಿಯ ಪಕ್ಕ ತೂಗುಹಾಕಬೇಕು. ಮೊದಲ ಬೇಸಿಗೆ, ಮೊದಲ ಚಳಿಗಾಲ, ಅದರ ಕಿವಿಗೆ ಏನು ಬೀಳುತ್ತದೋ ಅದೇ ಸಾಯುವತನಕದ ಹಾಡು. ಆ ತಿಂಗಳುಗಳಲ್ಲಿ ಒಂದೇ ಒಂದು ಸೊಟ್ಟ ಸ್ವರ ಕಿವಿಗೆ ಬಿದ್ದು ಗಂಟಲಿಗಿಳಿಯಿತೋ, ಮುಗಿಯಿತು. ಕಿತ್ತು ತೆಗೆಯುವ ಮದ್ದು ಯಾರ ಬಳಿಯೂ ಇಲ್ಲ. ಸೊಟ್ಟ ಸ್ವರದ ಹಕ್ಕಿಯನ್ನು ನಮ್ಮವರು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಬೇರೆ ಮರಿಗಳೂ ಕೆಡುತ್ತವೆಂದು ಗುಡ್ಡಕ್ಕೆ ಒಯ್ದು ಬಿಟ್ಟುಬಿಡುತ್ತಾರೆ.

ಅಲ್ಲಾವಾನ ಹಕ್ಕಿಯ ಹೆಸರು ಉಸ್ತಾದ್. ಅದರ ಹಾಡು ಅವನ ಅಜ್ಜನ ಹಕ್ಕಿಯಿಂದ ಅಪ್ಪನ ಹಕ್ಕಿಗೆ, ಅಪ್ಪನ ಹಕ್ಕಿಯಿಂದ ಇದಕ್ಕೆ ಇಳಿದು ಬಂದದ್ದು. ತಗ್ಗಿನಲ್ಲಿ ಶುರುವಾಗಿ ಮೆಟ್ಟಿಲು ಹತ್ತಿದ ಹಾಗೆ ಏರಿ, ತುದಿಯಲ್ಲಿ ಒಂದಿಷ್ಟು ನಿಂತು, ಆಮೇಲೆ ಮಗುವನ್ನು ಊಟಕ್ಕೆ ಕರೆದಷ್ಟು ಮೆತ್ತಗೆ ಇಳಿಯುತ್ತಿತ್ತು. ಆ ಇಳಿಕೆ ಬಂದಾಗ ಅಲ್ಲಾವಾ ಸೂಜಿ ಕೆಳಗಿಡುತ್ತಿದ್ದ. ಅಪ್ಪನ ಫೋಟೋ ಮನೆಯಲ್ಲಿ ಇರಲಿಲ್ಲ, ಅಪ್ಪ ಅಂತ ಉಳಿದಿದ್ದದ್ದು ಇದೊಂದೇ.

ಅದನ್ನು ಅವನು ಯಾರಿಗೂ ಕೊಡಲಿಲ್ಲ. ಸಬ್ತಿ ಕೇಳಿ ಕೇಳಿ ಸೋತಿದ್ದ.

"ಒಂದೇ ಬೇಸಿಗೆ ಕಣೋ. ನನ್ನ ಮರಿಗಳನ್ನ ನಿನ್ನ ಉಸ್ತಾದನ ಪಕ್ಕ ತೂಗುಹಾಕ್ತೀನಿ. ಹಾಡು ಹಂಚಿದ್ರೆ ಸವೆಯುತ್ತಾ?"

"ನಿನ್ನ ಹೆಂಡ್ತಿ ಒಡವೇನ ಕೇರಿಗೆಲ್ಲ ಹಂಚು ಹೋಗು. ಆಮೇಲೆ ಬಾ, ಮಾತಾಡೋಣ."

"ನಿಂಗೇನಾದ್ರೂ ಆದ್ರೆ?"

"ನಂಗೇನೂ ಆಗಲ್ಲ. ನೀನು ಮೀಸೆ ನೋಡ್ಕೊಂಡು ಕತ್ತರಿಸು."

ಆ ವರ್ಷ ಅಲ್ಲಾವಾ ತಾನೇ ಕಲಿಸುತ್ತಿದ್ದ ಮರಿ ಚಳಿಗೆ ಸತ್ತಿತ್ತು. ಇನ್ನೊಂದನ್ನು ಹುಡುಕಿದರಾಯಿತು ಎಂದು ಸುಮ್ಮನಿದ್ದ. ಹಾಡು ಇದ್ದದ್ದು ಉಸ್ತಾದನ ಗಂಟಲಲ್ಲಿ ಮಾತ್ರ.

ಬೇಸಿಗೆ ಮುಗಿಯುತ್ತಿದ್ದ ಒಂದು ಶುಕ್ರವಾರ ಅಲ್ಲಾವಾ ಅಂಗಡಿಯ ಬಾಗಿಲಿಗೆ ಹುರಿ ಕಟ್ಟಿ ನಮಾಜಿಗೆ ಹೋದ. ಬಂದು ನೋಡಿದರೆ ಹುರಿ ಬಿಚ್ಚಿತ್ತು, ಬಾಗಿಲು ಅರ್ಧ ತೆರೆದಿತ್ತು. ಪಂಜರ ಉಣ್ಣೆಯ ರಾಶಿಯ ಮೇಲೆ ಮಗುಚಿ ಬಿದ್ದಿತ್ತು. ಬಿಳಿ ಉಣ್ಣೆಯ ಮೇಲೆ ಒಂದಿಷ್ಟು ಚಿನ್ನದ ಗರಿ, ಒಂದು ಕಾಲು. ಎದುರಿನ ಹೊಸ್ತಿಲ ಮೇಲೆ ಸಬ್ತಿಯ ಕೆಂದು ಬೆಕ್ಕು ಕೂತು ಪಂಜ ನೆಕ್ಕಿಕೊಳ್ಳುತ್ತಿತ್ತು.

ಅಲ್ಲಾವಾ ಗರಿಗಳನ್ನು ಅಂಗೈಯಲ್ಲಿಟ್ಟುಕೊಂಡು ಬೀದಿ ದಾಟಿದ. ಸಬ್ತಿಯ ಅಂಗಡಿ ತುಂಬ ಜನ.

"ಸಬ್ತಿ, ನಿನ್ನ ಬೆಕ್ಕು," ಎಂದ. ಅಂಗೈ ಮುಂದೆ ಚಾಚಿದ.

ಸಬ್ತಿಯ ಮುಖ ಸುಣ್ಣವಾಯಿತು. ಆಮೇಲೆ ಅವನಿಗೆ ಏನು ಬಡಿಯಿತೋ, ನಕ್ಕುಬಿಟ್ಟ. "ಮೂಕ ಪ್ರಾಣಿ ಮಾರಾಯ, ಅದಕ್ಕೇನು ಗೊತ್ತು? ಕಿವಿಗೊಟ್ಟು ಕೇಳು, ಹೊಟ್ಟೆಯೊಳಗೆ ಕೂತು ಹಾಡ್ತಿರಬೇಕು ನಿನ್ನ ಉಸ್ತಾದ್!"

ಸಾಬೂನಿನ ನೊರೆ ಮೆತ್ತಿಕೊಂಡಿದ್ದ ಗಿರಾಕಿಗಳೆಲ್ಲ ಘೊಳ್ಳೆಂದರು. ಅಲ್ಲಾವಾ ಗರಿಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ವಾಪಸು ಬಂದ. ಬೆಕ್ಕನ್ನು ಅವನು ಕ್ಷಮಿಸಬಲ್ಲವನಾಗಿದ್ದ. ಆ ನಗುವನ್ನು ಮಾತ್ರ ಉಹೂಂ.

ಮನೆಗೆ ಬಂದವನೇ ಅಕ್ಕನ ಮುಂದೆ ಮೀಸೆಯ ಎರಡೂ ತುದಿ ಹಿಡಿದು ಆಣೆ ಮಾಡಿದ. "ಅವನ ಹಕ್ಕಿಗಳು ಊರೆದುರು ನಗೆಪಾಟಲಾಗಬೇಕು. ಇವತ್ತು ನಾನು ನಿಂತ ಹಾಗೆ ಅವನು ನಿಲ್ಲಬೇಕು. ಆಗದೆ ಹೋದ್ರೆ ಈ ಮೀಸೆ ಬೋಳಿಸ್ಕೋತೀನಿ."

ಹೂರಿಯಾ ರೊಟ್ಟಿ ಮುರಿದು ಸಾರಿಗದ್ದಿ ಅವನ ಮುಂದಿಟ್ಟಳು. "ಮೊದಲು ಅದಕ್ಕೆ ಅಂಟಿರೋ ಉಣ್ಣೆ ಒರೆಸ್ಕೋ. ಹೊಟ್ಟೆಯೊಳಗಿನ ಬೆಂಕಿ ತಣ್ಣಗಾಗ್ಲಿ, ಊಟ ಮಾಡು."

ಆ ಬೆಂಕಿ ತಣ್ಣಗಾಗಲಿಲ್ಲ. ಅದಕ್ಕೆ ಅವನು ದಿನಾ ಸೌದೆ ಒಟ್ಟಿದ. ನನ್ನನ್ನು ಕೇಳಿದರೆ, ಹಗೆಯಷ್ಟು ಶ್ರದ್ಧೆಯಿಂದ ಮನುಷ್ಯ ಬೇರೆ ಯಾವ ಕೆಲಸವನ್ನೂ ಮಾಡುವುದಿಲ್ಲ.

ಬೆಕ್ಕಿಗೆ ವಿಷ ಹಾಕಬಹುದಿತ್ತು. ಸಬ್ತಿಯ ಮರಿಗಳ ಕತ್ತು ಹಿಸುಕಬಹುದಿತ್ತು. ಅದೆಲ್ಲ ಕೈಲಾಗದವರ ಕೆಲಸ ಎಂದುಕೊಂಡ. ಆ ಶರತ್ಕಾಲ ಸಬ್ತಿ ತನ್ನ ಮರಿಗಳನ್ನು ಯಾರಿಗೂ ತೋರಿಸದೆ ಮಾಳಿಗೆಯ ಮೇಲಿನ ಕೋಣೆಯಲ್ಲಿ ದಪ್ಪ ಬಟ್ಟೆ ಮುಚ್ಚಿ ಕಾಪಾಡುತ್ತಿದ್ದಾನೆಂದು ಕೇರಿಗೆಲ್ಲ ಗೊತ್ತಿತ್ತು. ಹಕ್ಕಿ ಸಾಕುವವರ ವಸಂತದ ಮೊದಲ ಕೂಟದಲ್ಲಿ, ಕಾಫಿ ಅಂಗಡಿಯಲ್ಲಿ, ಎಲ್ಲರೆದುರು ಬಟ್ಟೆ ತೆಗೆಯುತ್ತಾನಂತೆ. ತೆಗೆಯಲಿ, ಎಂದುಕೊಂಡ ಅಲ್ಲಾವಾ. ಆ ಬಟ್ಟೆಯೊಳಕ್ಕೆ ಒಂದು ಸೊಟ್ಟ ಸ್ವರ ನುಗ್ಗಿಸಬೇಕು, ಅಷ್ಟೇ.

ಸೊಟ್ಟ ಸ್ವರವೂ ಸುಮ್ಮನೆ ಸಿಗುವುದಿಲ್ಲ. ಕಣಿವೆಯ ಮೇಲಿನ ತೂಗು ಸೇತುವೆ ದಾಟಿದರೆ ಆಚೆ ಇಳಿಜಾರಿನ ತುಂಬ ಒಣಗಿದ ಮುಳ್ಳುಗಿಡ. ಆಗಿನ್ನೂ ಗುಡ್ಡದಲ್ಲಿ ಮಕ್ನೀನ್‌ಗಳು ಹಿಂಡು ಹಿಂಡಾಗಿ ಬೀಜ ಹೆಕ್ಕಲು ಇಳಿಯುತ್ತಿದ್ದವು. ಅಲ್ಲಾವಾ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಿ, ಒಂದು ಬಂಡೆಗೆ ಒರಗಿ, ಹಕ್ಕಿ ನೋಡುತ್ತಾ ಕೂರತೊಡಗಿದ. ಹಕ್ಕಿ ನೋಡುವವರು ಅಲ್ಲಿಗೆ ಬೇಕಾದಷ್ಟು ಜನ ಬರುತ್ತಿದ್ದರು. ಎಲ್ಲರೂ ಒಳ್ಳೆಯ ಗಂಟಲು ಹುಡುಕುತ್ತಿದ್ದರು. ಕೆಟ್ಟ ಗಂಟಲಿಗಾಗಿ ಚಳಿಯಲ್ಲಿ ಕೂತವನು ಇವನೊಬ್ಬನೇ. ಪೊದೆಯಿಂದ ಪೊದೆಗೆ ಹಾರುವ ಒಂದೊಂದನ್ನೂ ಕಣ್ಣಲ್ಲೇ ಹಿಂಬಾಲಿಸಿ, ಅದು ಬಾಯಿ ಬಿಡುವತನಕ ಕಾಯುತ್ತಿದ್ದ. ಇಂಪಾಗಿ ಹಾಡಿದರೆ ಅವನಿಗೆ ರೇಗುತ್ತಿತ್ತು, ಕಲ್ಲೆತ್ತಿ ಓಡಿಸುತ್ತಿದ್ದ.

"ಏನು ಅಲ್ಲಾವಾ, ಒಳ್ಳೇದು ಯಾವುದಾದ್ರೂ ಕಣ್ಣಿಗೆ ಬಿತ್ತಾ?" ಎಂದು ದಾರಿಯಲ್ಲಿ ಯಾರೋ ಕೇಳಿದರು.

"ಒಳ್ಳೇವೇ ಎಲ್ಲ, ಹಾಳಾದವು," ಎಂದ ಅಲ್ಲಾವಾ ನಿಟ್ಟುಸಿರು ಬಿಟ್ಟು.

ಕಡೆಗೊಂದು ದಿನ ಸಿಕ್ಕಿತು. ನೋಡಲು ರಾಜಕುಮಾರನ ಹಾಗಿತ್ತು. ಬಾಯಿ ಬಿಟ್ಟರೆ, ಒಂದೆರಡು ಸ್ವರ ನೆಟ್ಟಗೆ ಹೋಗಿ, ಆಮೇಲೆ ತುಕ್ಕು ಹಿಡಿದ ಬಾವಿಯ ರಾಟೆಯ ಹಾಗೆ ಕಿರ್ರೆಂದು, ಮೇಲಿಂದೊಂದು ಬಿಕ್ಕಳಿಕೆ. ಅಲ್ಲಾವಾನ ಮೈ ಜುಮ್ಮೆಂದಿತು. ಅಂಟು ಸವರಿದ ಕಡ್ಡಿಗಳನ್ನು ಮುಳ್ಳುಗಿಡಕ್ಕೆ ಸಿಕ್ಕಿಸಿ ಅದನ್ನು ಹಿಡಿದ, ಎದೆಗವಚಿಕೊಂಡು ಮನೆಗೆ ತಂದ. ಅದಕ್ಕೆ ಸಬ್ತಿ ಎಂದೇ ಹೆಸರಿಟ್ಟ.

"ಸಬ್ತಿಗೆ ಕಾಳು ಹಾಕಿದ್ಯಾ?" ಎಂದು ಹೂರಿಯಾ ಕೇಳುವಳು. "ಬೆಳಗಿನಿಂದ ಅರಚ್ಕೋತಿದೆ, ತಲೆ ಸಿಡೀತಿದೆ ನಂಗೆ."

"ಅರಚ್ಲಿ ಅಕ್ಕಾ, ಅರಚ್ಲಿ. ಇನ್ನೊಂದು ಹಿಡಿ ಜಾಸ್ತಿ ಹಾಕು."

"ನಿನ್ನ ಹಗೆಗೂ ನಾನೇ ಬೇಯಿಸಿ ಹಾಕ್ಬೇಕು!"

ಇತ್ತ ಅಲ್ಲಾವಾ ಬೀದಿ ದಾಟಿ ಸಬ್ತಿಯ ಕುರ್ಚಿಯಲ್ಲಿ ಕೂತ. "ಹಳೇದೆಲ್ಲ ಬಿಡು. ಮೀಸೆ ಕಾಡು ಬೆಳ್ದಿದೆ, ಕತ್ತರಿಸು," ಎಂದ. ಸಬ್ತಿಯ ಕಣ್ಣು ತುಂಬಿ ಬಂತು. ಅಂಗಡಿಯ ಹುಡುಗನಿಗೆ ಹೇಳದೆ ತಾನೇ ಓಡಿಹೋಗಿ ಕಿತ್ತಳೆ ಹೂವಿನ ನೀರು ಹನಿಸಿದ ಕಾಫಿ ತಂದುಕೊಟ್ಟ. ಅಲ್ಲಾವಾ ಕುಡಿದ. ಅಳು, ಈಗಲೇ ಸ್ವಲ್ಪ ಅಭ್ಯಾಸ ಮಾಡಿಕೋ, ಎಂದು ಒಳಗೊಳಗೇ ಹೇಳಿಕೊಂಡ.

ಚಳಿಗಾಲದಲ್ಲಿ ಸಬ್ತಿಯ ಮಗಳ ಮದುವೆ ಗೊತ್ತಾಯಿತು. ಮದುಮಗಳ ಹಾಸಿಗೆಗಳನ್ನು ಅವಳ ತವರಿನಲ್ಲೇ ಹೊಲಿಸಬೇಕು, ಉಣ್ಣೆ ಅಲ್ಲೇ ತೊಳೆದು ಅಲ್ಲೇ ಹಿಂಜಬೇಕು, ನಮ್ಮಲ್ಲಿ ಅದು ತಪ್ಪುವುದಿಲ್ಲ. ಸಬ್ತಿಯ ಹೆಂಡತಿ ಯಮೀನಾ ಕರಿಯ ಹೊದಿಕೆ ಹೊದ್ದು ತಾನೇ ಅಂಗಡಿಗೆ ಬಂದಳು.

"ಅಲ್ಲಾವಾ ಅಣ್ಣ, ನಮ್ಮ ಹುಡುಗಿ ಹಾಸಿಗೆ ಬೇರೆಯವರ ಕೈಲಿ ಹೊಲಿಸಿದ್ರೆ ಅವಳಪ್ಪ ನನ್ನನ್ನ ಮನೆಗೆ ಸೇರಿಸಲ್ಲ. ಅಂಗಳದ ತುಂಬ ಹೆಂಗಸರು. ಮಾಳಿಗೆ ಮೇಲೆ ಜಾಗ ಮಾಡಿಕೊಡ್ತೀನಿ, ಆಗಬಹುದಾ?"

ಮಾಳಿಗೆ ಮೇಲೆ! ಅಲ್ಲಾವಾ ಮೀಸೆ ನೀವಿಕೊಂಡ. "ಆಗ್ಲಿ ತಾಯಿ. ನಿಮ್ಮನೆ ಕೆಲಸ ಅಂದ್ರೆ ನನ್ನ ಮನೆ ಕೆಲಸ."

ಉಣ್ಣೆಯ ದೊಡ್ಡ ಬುಟ್ಟಿಯ ತಳದಲ್ಲಿ ಪುಟ್ಟ ಪಂಜರ ಅಡಗಿಸಿ ಮೆಟ್ಟಿಲು ಹತ್ತಿದ. ಸಬ್ತಿ ಬೆಳಗಿನಿಂದ ಸಂಜೆಯವರೆಗೆ ಅಂಗಡಿಯಲ್ಲಿ. ಕೆಳಗೆ ಅಂಗಳದಲ್ಲಿ ಹೆಂಗಸರು ಕೇಕೆ ಹಾಕಿಕೊಂಡು, ಹಾಡಿಕೊಂಡು ಉಣ್ಣೆ ತೊಳೆಯುತ್ತಿದ್ದರು, ಮೇಲಿನ ಸದ್ದು ಅವರಿಗೆ ಕೇಳುವ ಮಾತೇ ಇಲ್ಲ. ಊಟದ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದರು. ಹಕ್ಕಿಗಳ ಕೋಣೆಗೆ ಬೀಗವಿತ್ತು, ಆದರೆ ಗಾಳಿಗೆಂದು ಬಿಟ್ಟ ಕಿಂಡಿಗೆ ಬೀಗವಿರಲಿಲ್ಲ. ಅಲ್ಲಾವಾ ಪಂಜರವನ್ನು ಆ ಕಿಂಡಿಗೇ ತೂಗುಹಾಕಿದ, ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣೆ ಹಿಂಜತೊಡಗಿದ. ಹಕ್ಕಿ ಸಬ್ತಿ ಬಿಸಿಲು ಕಂಡ ಖುಷಿಗೆ ಗಂಟಲು ಬಿಚ್ಚಿತು. ಕಿರ್ರ್, ಬಿಕ್ಕ್. ಕಿರ್ರ್, ಬಿಕ್ಕ್. ಹಾಸಿಗೆಗಳು ಒಂದರ ಮೇಲೊಂದು ಏರಿದವು. ಅಷ್ಟು ಚೆಂದದ ಹೊಲಿಗೆಯನ್ನು ಅವನು ತನ್ನ ಜೀವಮಾನದಲ್ಲಿ ಹಾಕಿರಲಿಲ್ಲ.

ಒಂದು ಮಧ್ಯಾಹ್ನ ಕಿಂಡಿಯ ಒಳಗಿನಿಂದ ಗೊಣಗಿದ ಹಾಗೆ ಏನೋ ಕೇಳಿಸಿತು. ಮರಿಗಳು ಹಾಗೆಯೇ, ಬಟ್ಟೆಯ ಕತ್ತಲಲ್ಲಿ ಕಲಿತದ್ದನ್ನು ಬಾಯೊಳಗೇ ಮಣಮಣಿಸಿ ನೋಡುತ್ತವೆ. ಅಲ್ಲಾವಾ ಸೂಜಿ ನಿಲ್ಲಿಸಿದ. ಆ ಗೊಣಗಿನಲ್ಲಿ ಒಂದು ಏರು ಇತ್ತು. ಎದ್ದು ಕಿಂಡಿಗೆ ಕಿವಿ ಹಚ್ಚಿದ್ದರೆ ಅವನಿಗೆ ಎಲ್ಲ ತಿಳಿಯುತ್ತಿತ್ತು. ದೂರದ ಮಾಳಿಗೆಯ ಹಕ್ಕಿಯ ಕುಲಗೋತ್ರ ಹೇಳುವವನು ಅವನು. ಹಚ್ಚಲಿಲ್ಲ. ಈ ಹಾಳಾದವನ ಹಕ್ಕಿಗಳದ್ದು ಏನು ಕೇಳುವುದು ಎಂದು ಪಂಜರಕ್ಕೆ ಒಂದು ಏಟು ತಟ್ಟಿದ. ಹಕ್ಕಿ ಬೆದರಿ ಇನ್ನೂ ಜೋರಾಗಿ ಅರಚಿತು, ಒಳಗಿನ ಗೊಣಗು ನಿಂತಿತು.

ಹಾಸಿಗೆ ಮುಗಿದ ದಿನ ಅವನು ಆ ಹಕ್ಕಿಯನ್ನು ಮಾಳಿಗೆಯಿಂದಲೇ ಹಾರಿಬಿಟ್ಟ.

ವಸಂತದ ಮೊದಲ ಕೂಟದ ದಿನ ಕಾಫಿ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಲ್ಲಾವಾ ಮೀಸೆಗೆ ಎಣ್ಣೆ ಹಚ್ಚಿ, ಹಬ್ಬದ ಅಂಗಿ ತೊಟ್ಟು ಹೋದ. ಸಬ್ತಿ ಬಟ್ಟೆ ಮುಚ್ಚಿದ ಪಂಜರಗಳನ್ನು ಸಾಲಾಗಿ ಮೊಳೆಗೆ ತೂಗುಹಾಕಿ, ಇವನ ಕೈ ಹಿಡಿದು ಎಳೆದ.

"ನೀನು ಮುಂದೆ ಕೂರ್ಬೇಕು. ಎಲ್ಲರಿಗಿಂತ ಮುಂದೆ."

"ಅದಕ್ಕೇ ಬಂದಿರೋದು," ಎಂದ ಅಲ್ಲಾವಾ.

ಸಬ್ತಿ ಮೊದಲ ಬಟ್ಟೆ ಎತ್ತಿದ. ಹಕ್ಕಿ ಬೆಳಕಿಗೆ ಕಣ್ಣು ಮಿಟುಕಿಸಿತು, ರೆಕ್ಕೆ ಕೊಡವಿತು, ಹಾಡಿತು.

ತಗ್ಗಿನಲ್ಲಿ ಶುರುವಾಯಿತು. ಮೆಟ್ಟಿಲು ಮೆಟ್ಟಿಲಾಗಿ ಏರಿತು. ಅಲ್ಲಾವಾನ ಕೈಯಲ್ಲಿದ್ದ ಕಾಫಿ ಬಟ್ಟಲು ಓರೆಯಾಗಿ ಹಬ್ಬದ ಅಂಗಿಯ ಮೇಲೆ ಚೆಲ್ಲಿತು. ಉಸ್ತಾದ್! ಅಪ್ಪನ ಹಕ್ಕಿ, ಅಜ್ಜನ ಹಕ್ಕಿ! ಸತ್ತು ಬೆಕ್ಕಿನ ಹೊಟ್ಟೆ ಸೇರಿದ ಹಾಡು ಮೊಳೆಗೆ ನೇತಾಡುತ್ತಾ ಏರುತ್ತಿತ್ತು. ಸಬ್ತಿ ಅವನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ, "ಗುರ್ತು ಸಿಕ್ತೇನೋ?" ಎಂದ.

ಹಾಡು ತುದಿ ಮುಟ್ಟಿತು, ಅಲ್ಲಿ ಒಂದಿಷ್ಟು ನಿಂತಿತು. ಮೆತ್ತಗೆ ಇಳಿಯಬೇಕಾದ ಕಡೆ, ಕಿರ್ರ್, ಬಿಕ್ಕ್.

ಮೊದಲು ಯಾರೋ ಒಬ್ಬ ನಕ್ಕ. ಆಮೇಲೆ ಇಡೀ ಅಂಗಡಿ. "ಏನ್ ಸಬ್ತಿ, ಹಕ್ಕಿಗೆ ಎರಡು ಲೋಟ ಹೆಚ್ಚಾಯ್ತಾ?" "ನೀರು ಕುಡಿಸ್ರಯ್ಯಾ, ಬಿಕ್ಕಳಿಕೆ ನಿಲ್ಲುತ್ತೆ!" ಸಬ್ತಿ ಎರಡನೆಯ ಬಟ್ಟೆ ಕಿತ್ತ, ಮೂರನೆಯದು ಕಿತ್ತ. ಎಲ್ಲವೂ ಅದೇ ಹಾಡು, ಎಲ್ಲವೂ ಅದೇ ಜಾಗದಲ್ಲಿ ಅದೇ ಬಿಕ್ಕಳಿಕೆ. ಸಬ್ತಿ ನಿಂತೇ ಇದ್ದ, ಕೈಯಲ್ಲಿ ಬಟ್ಟೆಗಳನ್ನು ಹಿಡಿದುಕೊಂಡು, ಬಾಯಿ ತೆರೆದು. ಗರಿ ಹಿಡಿದುಕೊಂಡು ಅಲ್ಲಾವಾ ನಿಂತ ಹಾಗೆಯೇ. ಬಯಸಿದ್ದೆಲ್ಲ ಒಂದು ಗುಂಜಿ ಕಡಿಮೆಯಿಲ್ಲದೆ ಕೈಗೆ ಬಂದಿತ್ತು. ಅಲ್ಲಾವಾ ಖಾಲಿ ಬಟ್ಟಲನ್ನೇ ಬಾಯಿಗೆತ್ತಿದ.

ಜನ ಚದುರಿದ ಮೇಲೆ ಸಬ್ತಿ ಕಣಿವೆಯ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದ. "ಬೇಸಿಗೆಯೆಲ್ಲಾ ಶುಕ್ರವಾರ ನೀನು ನಮಾಜಿಗೆ ಹೋದ ತಕ್ಷಣ ನಿನ್ನ ಅಂಗಡಿ ಹುರಿ ಬಿಚ್ಚಿ ಮರಿಗಳನ್ನ ಒಳಗೆ ತರ್ತಿದ್ದೆ ಕಣೋ. ನೀನು ಕೊಡ್ಲಿಲ್ಲ, ನಾನು ಕದ್ದೆ. ಅವತ್ತು ಜನ ಬೇಗ ವಾಪಸು ಬಂದ್ರು. ಗಾಬರೀಲಿ ಓಡಿದೆ, ಹುರಿ ಕಟ್ಟಲಿಲ್ಲ. ಬೆಕ್ಕು ನನ್ನ ಹಿಂದೇನೇ ಬಂದಿತ್ತು."

"ಮತ್ತೆ ನಕ್ಕೆಯಲ್ಲೋ."

"ನಗದೆ ಇದ್ದಿದ್ರೆ ಅಲ್ಲೇ ಅತ್ತು ಎಲ್ಲ ಒದರಿಬಿಡ್ತಿದ್ದೆ. ಇವತ್ತು ಎಲ್ಲರೆದುರು ಮೊದಲನೇ ಪಂಜರ ನಿನ್ನ ಕೈಗಿಟ್ಟು ಕಾಲು ಹಿಡೀಬೇಕು ಅಂತಿದ್ದೆ. ಯಾವನೋ ಹಾಳು ಮಾಡಿದ. ಇದು ತಾನಾಗೇ ಬಂದ ಸ್ವರ ಅಲ್ಲ, ಯಾರೋ ತಂದು ಕಿವಿಗೆ ಹಾಕಿದಾರೆ. ಅವನು ಯಾರು ಅಂತ ಗೊತ್ತಾಗ್ಲಿ, ನನ್ನ ಕ್ಷೌರದ ಕತ್ತೀಲೇ ಅವನ ಗಂಟಲು ಕೊಯ್ತೀನಿ."

ಅಲ್ಲಾವಾ ಆ ಪಂಜರವನ್ನು ತೆಗೆದುಕೊಳ್ಳಲಿಲ್ಲ. ಉಳಿದ ಹಕ್ಕಿಗಳನ್ನು ರೂಢಿಯಂತೆ ಗುಡ್ಡಕ್ಕೆ ಒಯ್ದು ಬಿಟ್ಟರು. ಮೊದಲನೆಯದನ್ನು ಬಿಡಲು ಸಬ್ತಿಗೆ ಕೈ ಬರಲಿಲ್ಲ, ಅಂಗಡಿಯ ಕನ್ನಡಿಯ ಪಕ್ಕ ತೂಗುಹಾಕಿದ.

ಅಲ್ಲಿಂದ ಮುಂದೆ ಅಲ್ಲಾವಾನ ಬದುಕು ಬದುಕಾಗಿರಲಿಲ್ಲ. ಎದುರಿನಿಂದ ದಿನವಿಡೀ ಅಪ್ಪನ ಹಾಡು ತೇಲಿ ಬರುತ್ತಿತ್ತು, ಇವನು ಸೂಜಿ ಕೆಳಗಿಡುವ ಹೊತ್ತಿಗೆ ಸರಿಯಾಗಿ ಬಿಕ್ಕಳಿಸುತ್ತಿತ್ತು. ಅಕ್ಕ ತಟ್ಟೆ ಮುಂದಿಟ್ಟರೆ ಕೈ ಹಾಕುತ್ತಿರಲಿಲ್ಲ.

"ಆಣೆ ಗೆದ್ದೆಯಲ್ಲ, ಉಣ್ಣು," ಎಂದಳು ಹೂರಿಯಾ. ಅವಳಿಗೆ ಎಲ್ಲ ಗೊತ್ತಾಗಿತ್ತು, ಮಾತಿನಲ್ಲಿ ಕನಿಕರ ಇರಲಿಲ್ಲ.

ಗಡ್ಡ ಕೆರೆಸಲು ಹೋದರೆ ಸಬ್ತಿ ಕತ್ತಿಯನ್ನು ಇವನ ಗಂಟಲಿಗಿಟ್ಟು ಅದನ್ನೇ ಕೇಳುವನು. "ಯಾರಿರಬಹುದು ಹೇಳು? ನೀನು ಕಿವಿ ಇರೋನು. ತಾಮ್ರದ ಕೆಲಸದವನಾ? ಅವನಿಗೆ ನನ್ನ ಹಕ್ಕಿಗಳ ಮೇಲೆ ಕಣ್ಣಿತ್ತು. ಅವನ ಮನೆ ಮರಿಗಳಿಗೂ ಹೀಗೇ ಮಾಡ್ತೀನಿ, ನೋಡ್ತಿರು. ಹಕ್ಕಿ ಹುಡುಕೋಕೆ ನೀನೂ ಬಾ ಗುಡ್ಡಕ್ಕೆ."

ತಾಮ್ರದವನು ಏನೂ ಅರಿಯದ ಪಾಪದ ಮುದುಕ. ಅವನ ಮನೆಯಲ್ಲೂ ತಾತನ ಕಾಲದ ಒಂದು ಹಾಡಿತ್ತು. ಒಂದು ದಿನ ಕತ್ತಿ ಹಾಗೆ ಗಂಟಲಿನ ಮೇಲಿದ್ದಾಗಲೇ ಕನ್ನಡಿಯ ಪಕ್ಕದ ಹಕ್ಕಿ ಶುರುಮಾಡಿತು. ಏರಿತು. ತುದಿಯಲ್ಲಿ ನಿಂತಿತು. ಇಬ್ಬರೂ ಉಸಿರು ಬಿಗಿಹಿಡಿದರು, ಇವತ್ತಾದರೂ ನೆಟ್ಟಗೆ ಇಳಿದೀತೇ ಎಂದು. ಕಿರ್ರ್, ಬಿಕ್ಕ್.

"ತಾಮ್ರದವನಲ್ಲ. ನಾನೇ," ಎಂದ ಅಲ್ಲಾವಾ. "ಹಾಸಿಗೆ ಹೊಲಿಯೋವಾಗ. ಬುಟ್ಟೀಲಿ ತಂದಿದ್ದೆ."

ಕತ್ತಿ ಅಲ್ಲಾಡಲಿಲ್ಲ. ಗಂಟಲಿನ ಮೇಲೇ ಇತ್ತು. ಕನ್ನಡಿಯಲ್ಲಿ ಸಬ್ತಿಯ ಮುಖ ಕೆಂಪಾಯಿತು, ಬಿಳಿಚಿತು, ಮತ್ತೆ ಕೆಂಪಾಯಿತು. ಅಲ್ಲಾವಾ ಗದ್ದ ಇನ್ನಷ್ಟು ಮೇಲೆತ್ತಿದ. ಕೊಯ್ದುಬಿಡಲಿ ಎಂದು ಅವನಿಗೆ ನಿಜವಾಗಿಯೂ ಅನಿಸಿತ್ತು.

ಸಬ್ತಿ ಅವನ ಗದ್ದ ಹಿಡಿದು ಒಂದೇ ಒಂದು ಸಲ ಕತ್ತಿ ಎಳೆದ. ಬಲಗಡೆಯ ಮೀಸೆ, ಎಣ್ಣೆಯ ಮಿಂಚಿನ ಸಮೇತ, ತೊಡೆಯ ಮೇಲೆ ಬಿತ್ತು.

"ಇದೂ ತೆಗಿ," ಎಂದ ಅಲ್ಲಾವಾ ಎಡಗಡೆಯದನ್ನು ಮುಟ್ಟಿ.

"ತೆಗೆಯಲ್ಲ." ಸಬ್ತಿ ಕತ್ತಿ ಒರೆಸಿ ಮಡಚಿದ. "ಹಾಡು ಅರ್ಧ ಉಳಿಸಿದ್ದೀಯಲ್ಲ, ನಾನೂ ಅರ್ಧ ಉಳಿಸಿದ್ದೀನಿ. ಏಳು, ನನ್ನ ಕುರ್ಚಿ ಬಿಡು."

ಅಲ್ಲಾವಾ ಹೊರಗೆ ಬಂದ. ಕೆನ್ನೆಯ ಮೇಲೆ ನೊರೆ ಹಾಗೇ ಇತ್ತು. ಬೀದಿಯಲ್ಲಿ ನಿಂತವರು ನೋಡಿದರು, ಒಬ್ಬೊಬ್ಬರಾಗಿ ನಗತೊಡಗಿದರು. ಅವನು ಬಾಗಿಲು ಹಾಕಿಕೊಳ್ಳಲಿಲ್ಲ. ತನ್ನ ಅಂಗಡಿಯ ಹೊಸ್ತಿಲಲ್ಲಿ, ಎಲ್ಲರಿಗೂ ಕಾಣುವ ಹಾಗೆ ಕೂತು ಸೂಜಿಗೆ ದಾರ ಪೋಣಿಸಿದ. ಎಡಗಡೆಯ ಮೀಸೆಯನ್ನೂ ಬೋಳಿಸಿ ಮುಖ ಸರಿಮಾಡುವವರು ಊರಲ್ಲಿ ಬೇಕಾದಷ್ಟು ಜನರಿದ್ದರು, ಅವನು ಯಾರ ಬಳಿಯೂ ಹೋಗಲಿಲ್ಲ. ಬಲಗಡೆ ಚಿಗುರಿದ್ದನ್ನು ಮಾತ್ರ ದಿನಾ ಬೆಳಿಗ್ಗೆ ತಾನೇ ಕೆರೆದುಕೊಂಡ, ಸಾಯುವತನಕ. ಎದುರಿನ ಹಕ್ಕಿ ಹಾಡು ಶುರುಮಾಡಿದಾಗಲೆಲ್ಲ ಅವನು ಸೂಜಿ ಕೆಳಗಿಟ್ಟು, ತುದಿಯವರೆಗೆ ಕೇಳಿ, ಅಲ್ಲಿಗೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದ.